ಕೂತ ಎತ್ತರದಿಂದ ಕಂಡ ಫ್ಲಾರೆನ್ಸ್

"ಲಿಫ್ಟ್ ಇದೆಯಾ?" ಅಂತ ಮುಂಚೆನೇ ಕೇಳಿದ್ದೆ. "ಇದೆ" ಅಂತ ಹೋಟೆಲಿನವರು ಬರೆದಿದ್ದರು. ರಾತ್ರಿ ಇಟಲಿಯ ಫ್ಲಾರೆನ್ಸ್ ತಲುಪಿ ನೋಡಿದರೆ ಲಿಫ್ಟ್ ಇತ್ತು, ಆದರೆ ಅದರ ಮುಂದೆ ಮೂರು ಮೆಟ್ಟಿಲೂ ಇದ್ದವು. ತಂಗಿ ಮತ್ತು ಅಲ್ಲಿನ ಹುಡುಗ ಸೇರಿ ನನ್ನನ್ನು ಕುರ್ಚಿ ಸಮೇತ ಎತ್ತಿದರು. ಆಮೇಲೆ ಟೇಪ್ ಹಿಡಿದು ನೋಡಿದೆವು. ಲಿಫ್ಟಿನ ಬಾಗಿಲು 58 ಸೆಂಟಿಮೀಟರ್. ನನ್ನ ವೀಲ್‌ಚೇರ್ 62. ಮಳೆಯಲ್ಲಿ ಬೇರೆ ಹೋಟೆಲ್ ಹುಡುಕಿಕೊಂಡು ಹೊರಟಾಗ ಹತ್ತೂವರೆ ಆಗಿತ್ತು. ನನಗೆ ಅಳು ತಡೆಯೋಕಾಗಲಿಲ್ಲ.

ಅವತ್ತಿನಿಂದ ನಾನು ಯಾರನ್ನೂ "ಇದೆಯಾ" ಅಂತ ಕೇಳಲ್ಲ, "ಎಷ್ಟು" ಅಂತ ಕೇಳುತ್ತೇನೆ. ಬಾಗಿಲು ಎಷ್ಟು ಅಗಲ, ಬೀದಿಯಿಂದ ರೂಮಿನ ತನಕ ಎಷ್ಟು ಮೆಟ್ಟಿಲು, ಹಾಸಿಗೆ ನೆಲದಿಂದ ಎಷ್ಟು ಎತ್ತರ. ಬಾತ್‌ರೂಮಿನ ಫೋಟೋ ಕಳಿಸಿ ಅಂತಲೂ ಬರೆಯುತ್ತೇನೆ. ಫೋಟೋ ಕಳಿಸದವರ ಹತ್ತಿರ ಬುಕ್ ಮಾಡಲ್ಲ.

ಹನ್ನೊಂದು ವರ್ಷದ ಹಿಂದೆ ಬೆನ್ನುಹುರಿಗೆ ಪೆಟ್ಟಾಗಿ ನನ್ನ ಕಾಲುಗಳ ಶಕ್ತಿ ಹೋಯಿತು. ಚಿತ್ರಕಲೆಯ ಹುಚ್ಚು ಅದಕ್ಕಿಂತ ಹಳೆಯದು. ಮೈಸೂರಿನಲ್ಲಿ ಕೂತು ಪುಸ್ತಕದಲ್ಲಿ ನೋಡಿದ್ದನ್ನೆಲ್ಲ ಒಂದು ಸಲ ಎದುರಿಗೆ ನೋಡಬೇಕು ಅಂತ ದುಡ್ಡು ಕೂಡಿಟ್ಟು ಹೊರಟಿದ್ದೆವು. ರೋಮಿನಿಂದ ಫಾಸ್ಟ್ ರೈಲಿನಲ್ಲಿ ಒಂದೂವರೆ ಗಂಟೆ. ವೀಲ್‌ಚೇರಿನವರಿಗೆ ಸ್ಟೇಷನ್ನಿನಲ್ಲಿ 'ಸಾಲಾ ಬ್ಲು' ಅಂತ ಸಹಾಯದ ಕಚೇರಿ ಇದೆ. ಮುಂಚೆನೇ ತಿಳಿಸಿದ್ದರೆ ಲಿಫ್ಟ್ ಗಾಡಿ ತಂದು ಬೋಗಿಗೆ ಹತ್ತಿಸುತ್ತಾರೆ, ಇಳಿಸುತ್ತಾರೆ. ಇಷ್ಟು ಸಲೀಸಾಗಿ ನಾನು ರೈಲು ಹತ್ತಿದ್ದೇ ಇಲ್ಲ.

ಕಷ್ಟ ಇದ್ದದ್ದು ಬೀದಿಯಲ್ಲಿ. ಹಳೇ ಊರಿನ ತುಂಬ ದಪ್ಪ ಕಲ್ಲಿನ ಚಪ್ಪಡಿಗಳು. ನಡುವಿನ ಸಂದಿಗೆ ಮುಂದಿನ ಚಿಕ್ಕ ಚಕ್ರ ಸಿಕ್ಕಿಕೊಂಡರೆ ಮುಗ್ಗರಿಸಿ ಬೀಳೋದೇ. ಅದಕ್ಕೆ ಸಂದಿ ಬಂದಾಗೆಲ್ಲ ಸ್ವಲ್ಪ ಹಿಂದಕ್ಕೆ ವಾಲಿ ಮುಂದಿನ ಚಕ್ರ ಎತ್ತಿ ದಾಟಬೇಕು. ಮೆಟ್ಟಿಲು ಎದುರಾದರೆ ತಂಗಿ ಕುರ್ಚಿಯನ್ನು ಹಿಂದುಮುಂದು ತಿರುಗಿಸಿ ಎಳೆಯುತ್ತಿದ್ದಳು. ಫುಟ್‌ಪಾತ್ ಎಷ್ಟೋ ಕಡೆ ನನ್ನ ಕುರ್ಚಿಗಿಂತ ಕಿರಿದು. ಹಳೇ ಊರಿನೊಳಗೆ ಕಾರುಗಳಿಗೆ ನಿರ್ಬಂಧ ಇರೋದರಿಂದ ರಸ್ತೆ ಮೇಲೇ ಹೋಗುತ್ತಿದ್ದೆವು. ದೊಡ್ಡ ಕ್ಯಾಥೆಡ್ರಲ್‌ನಿಂದ ಸಿನ್ಯೋರಿಯಾ ಚೌಕಕ್ಕೆ ಹೋಗುವ ಕಾಲ್ಝೈವೋಲಿ ಬೀದಿ ನಡೆಯುವವರಿಗೇ ಮೀಸಲು. ನಮ್ಮ ಓಡಾಟವೆಲ್ಲ ಅದರ ಆಚೀಚೆಯೇ.

ಇನ್ನೊಂದು ವಿಷಯ ನನ್ನಂಥವರು ನೆನಪಿಡಲೇಬೇಕು. ಕಲ್ಲಿನ ಮೇಲೆ ಅರ್ಧ ಗಂಟೆ ಕುಲುಕಿದರೆ ಕಾಲು ಸೆಳೆತ ಶುರುವಾಗುತ್ತೆ. ಸೀಟಿಗೆ ಒತ್ತಿದ ಕಡೆ ಚರ್ಮ ಕೆಂಪಾಗಿದ್ದರೂ ನಮಗೆ ಗೊತ್ತಾಗಲ್ಲ. ಮೊದಲ ಸಂಜೆ ತಂಗಿ ನೋಡಿ ಗಾಬರಿಯಾದಳು. ಬೆಡ್‌ಸೋರ್, ಅಂದರೆ ಒಂದೇ ಕಡೆ ಒತ್ತಿ ಆಗುವ ಹುಣ್ಣು, ಆದರೆ ಪ್ರವಾಸ ಅಲ್ಲಿಗೇ ಮುಗಿಯಿತು. ಆಮೇಲೆ ದಿನಕ್ಕೆ ಒಂದೇ ಮ್ಯೂಸಿಯಂ ಅಂತ ಮಾಡಿಕೊಂಡೆವು. ಅರ್ಧ ಗಂಟೆಗೊಮ್ಮೆ ಫೋನಿನ ಅಲಾರಾಂ ಹೊಡೆದಾಗ ಎರಡೂ ಕೈ ಊರಿ ಮೈ ಎತ್ತಿ ಹಿಡಿಯುತ್ತಿದ್ದೆ, ಯಾವ ಚಿತ್ರದ ಮುಂದಿದ್ದರೂ ಸರಿ.

ಉಫೀತ್ಸಿ ಮ್ಯೂಸಿಯಂ ಇರೋದು 1560ರಲ್ಲಿ ವಾಸ್ತುಶಿಲ್ಪಿ ವಸಾರಿ ಕಟ್ಟಲು ಶುರುಮಾಡಿದ ಕಟ್ಟಡದಲ್ಲಿ. ಸರ್ಕಾರಿ ಕಚೇರಿಗಳಿಗೆ ಅಂತ ಕಟ್ಟಿದ್ದು. ದೊಡ್ಡ ದೊಡ್ಡ ಮೆಟ್ಟಿಲ ಸಾಲು ನೋಡಿ ಎದೆ ಧಸಕ್ಕೆಂದಿತು. ಆದರೆ ಲಿಫ್ಟ್ ಇದೆ, ಮತ್ತು ನನ್ನ ಕುರ್ಚಿ ಹಿಡಿಸಿತು. ಇಟಲಿಯ ಸರ್ಕಾರಿ ಮ್ಯೂಸಿಯಂಗಳಲ್ಲಿ ಅಂಗವಿಕಲರಿಗೂ ಜೊತೆಗೆ ಬರುವ ಒಬ್ಬರಿಗೂ ಟಿಕೆಟ್ ದುಡ್ಡಿಲ್ಲ. ನಾನು ನಮ್ಮ ಸರ್ಕಾರ ಅಂಗವಿಕಲರಿಗೆ ಕೊಡುವ ಯುಡಿಐಡಿ ಕಾರ್ಡ್ ತೋರಿಸಿದೆ, ಕ್ಯೂ ನಿಲ್ಲಿಸದೆ ಒಳಗೆ ಬಿಟ್ಟರು. ಸೋಮವಾರ ರಜೆ. ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಫ್ರೀ ಇರುತ್ತೆ, ಆ ದಿನ ವೀಲ್‌ಚೇರಿನವರು ಹೋಗದಿರೋದೇ ವಾಸಿ.

ಯಾಕೆಂದರೆ ಒಳಗೆ ಹೋಗೋದು ಬೇರೆ, ನೋಡೋಕೆ ಸಿಗೋದು ಬೇರೆ. ಕೂತಾಗ ನನ್ನ ಕಣ್ಣು ನೆಲದಿಂದ 117 ಸೆಂಟಿಮೀಟರ್ ಎತ್ತರದಲ್ಲಿದೆ. ಪ್ರೇಮದೇವತೆ ವೀನಸ್ ಸಮುದ್ರದಲ್ಲಿ ಚಿಪ್ಪಿನ ಮೇಲೆ ನಿಂತಿರುವ ಬೊಟ್ಟಿಚೆಲ್ಲಿಯ ಚಿತ್ರ 'ವೀನಸ್ ಹುಟ್ಟು' ಮುಂದೆ ಹೋದಾಗ ನನಗೆ ಕಂಡದ್ದು ಜನರ ಬೆನ್ನು, ಬ್ಯಾಗು. ಜನ ಸರಿದಾಗ ಗಾಜಿನ ಮೇಲೆ ದೀಪದ ಹೊಳಪು. ಇಷ್ಟು ದೂರ ಬಂದು ಹೀಗಾಯ್ತಲ್ಲ ಅಂತ ಹೊಟ್ಟೆ ಉರಿಯಿತು. "ಅಕ್ಕಾ, ಗೋಡೆ ಪಕ್ಕದಿಂದ ಹೋಗೋಣ ಬಾ" ಅಂದಳು ತಂಗಿ. ಅದು ಸರಿಯಾದ ಉಪಾಯ. ನಡುವಿನಿಂದ ನುಗ್ಗಿದರೆ ಗುಂಪಿನ ಹಿಂದೆಯೇ ಉಳಿಯುತ್ತೇವೆ. ಗೋಡೆ ಗುಂಟ ನಿಧಾನ ಸರಿದು ಮುಂದಕ್ಕೆ ಬಂದರೆ ಜನ ತಾವೇ ಜಾಗ ಬಿಡುತ್ತಾರೆ. ಪಕ್ಕದಿಂದ ನೋಡಿದಾಗ ಹೊಳಪೂ ಹೋಯಿತು.

ಆಗ ಕಂಡದ್ದು ಚಿತ್ರದ ಕೆಳಭಾಗ. ಪುಸ್ತಕದಲ್ಲಿ ಎಲ್ಲರ ಕಣ್ಣೂ ವೀನಸ್ ಮುಖಕ್ಕೇ ಹೋಗುತ್ತೆ, ಅಲ್ವಾ? ನನ್ನ ಕಣ್ಣಿಗೆ ನೇರ ಸಿಕ್ಕಿದ್ದು ಅವಳ ಪಾದ, ಚಿಪ್ಪಿನ ಅಂಚು, ಸಮುದ್ರ. ಸಮುದ್ರದ ಅಲೆಗಳನ್ನು ಬೊಟ್ಟಿಚೆಲ್ಲಿ ಪುಟ್ಟ ಪುಟ್ಟ ಗೆರೆಗಳಲ್ಲಿ ಬರೆದಿದ್ದಾನೆ, ಮಕ್ಕಳು ಹಾರುವ ಹಕ್ಕಿ ಬರೆಯುತ್ತಾರಲ್ಲ, ಅದನ್ನು ತಲೆಕೆಳಗೆ ಮಾಡಿದ ಹಾಗೆ. ಅದೇ ಕೋಣೆಯಲ್ಲಿ ಕಣ್ಣು ಕಾಣದವರು ಮುಟ್ಟಿ ನೋಡಲು ಈ ಚಿತ್ರದ ಉಬ್ಬು ಪ್ರತಿ ಇಟ್ಟಿದ್ದಾರೆ. ನಾನೂ ಕಣ್ಣು ಮುಚ್ಚಿ ಅದರ ಮೇಲೆ ಬೆರಳಾಡಿಸಿದೆ. ಕೂದಲಿನ ಸುರುಳಿ ಬೆರಳಿಗೆ ಸಿಕ್ಕಿತು.

ಅಕಾಡೆಮಿಯಾ ಮ್ಯೂಸಿಯಂನಲ್ಲಿ ಈ ತೊಂದರೆ ಇಲ್ಲ. ಮೈಕೆಲಾಂಜೆಲೊ ಕೆತ್ತಿದ ಡೇವಿಡ್ ಶಿಲ್ಪದ ಎತ್ತರ 5.17 ಮೀಟರ್. ಅವನ ಮುಂದೆ ನಿಂತವರೂ ಕೂತವರೂ ಒಂದೇ, ಎಲ್ಲರೂ ತಲೆ ಎತ್ತಬೇಕು. ಕ್ಯಾಥೆಡ್ರಲ್ಲಿನ ಮೇಲೆ ಎತ್ತರದಲ್ಲಿ ನಿಲ್ಲಿಸಲು ಅಂತಲೇ ಅದನ್ನು ಮಾಡಿಸಿದ್ದರು. ಆಮೇಲೆ 1504ರಲ್ಲಿ ಸಿನ್ಯೋರಿಯಾ ಚೌಕದಲ್ಲಿ ಇಟ್ಟರು, 1873ರಲ್ಲಿ ಇಲ್ಲಿಗೆ ತಂದರು. ತೀರಾ ಹತ್ತಿರ ಹೋದರೆ ಕತ್ತು ನೋವು. ದೂರದಲ್ಲೇ ಇದ್ದುಕೊಂಡು ನೋಡಿ. ದಾರಿಯುದ್ದಕ್ಕೂ ಮೈಕೆಲಾಂಜೆಲೊ ಅರ್ಧ ಕೆತ್ತಿ ಬಿಟ್ಟ 'ಕೈದಿಗಳು' ಸಾಲಾಗಿವೆ. ಉಳಿಯ ಗೀರುಗಳು ನನ್ನ ಮುಖದ ಮಟ್ಟದಲ್ಲೇ ಇದ್ದವು. ಕಲ್ಲಿನೊಳಗೆ ಸಿಕ್ಕಿಕೊಂಡು ಹೊರಬರಲು ಒದ್ದಾಡುವ ಆ ಮೈಗಳನ್ನು ನಾನು ಡೇವಿಡ್‌ಗಿಂತ ಜಾಸ್ತಿ ಹೊತ್ತು ನೋಡಿದೆ.

ಬೋಬೊಲಿ ತೋಟದಲ್ಲಿ ಜಲ್ಲಿ ಮತ್ತು ಏರು. ಹತ್ತು ನಿಮಿಷಕ್ಕೆ ವಾಪಸ್ ಬಂದೆವು. ಟಾಯ್ಲೆಟ್ಟಿಗೆ ಮ್ಯೂಸಿಯಮ್ಮುಗಳನ್ನೇ ನಂಬಿದೆವು, ಕಾಫಿ ಅಂಗಡಿಗಳದು ಎಷ್ಟೋ ಸಲ ಮೆಟ್ಟಿಲ ಕೆಳಗೆ. ಇಟಲಿಯ ಅಂಗವಿಕಲರ ಟಾಯ್ಲೆಟ್ಟಿನಲ್ಲಿ ಪಕ್ಕದಲ್ಲೇ ನೀರಿನ ಪೈಪು ನೇತುಹಾಕಿರುತ್ತಾರೆ. ನಮ್ಮ ಕಡೆಯವರಿಗೆ ಅದೆಷ್ಟು ನೆಮ್ಮದಿ!

ಕ್ಯಾಥೆಡ್ರಲ್ಲಿನ ಗುಮ್ಮಟಕ್ಕೆ 463 ಮೆಟ್ಟಿಲು, ಲಿಫ್ಟ್ ಇಲ್ಲ. ತಂಗಿಯನ್ನು ಬಲವಂತ ಮಾಡಿ ಹತ್ತಲು ಕಳಿಸಿದೆ. ಅವಳು ಬರುವ ತನಕ ನಾನು ಹಿಂದೆಯೇ ಇರುವ ಕ್ಯಾಥೆಡ್ರಲ್ ಮ್ಯೂಸಿಯಂಗೆ ಹೋದೆ. 2015ರಲ್ಲಿ ಹೊಸದಾಗಿ ತೆರೆದದ್ದು. ಇಡೀ ಪ್ರವಾಸದಲ್ಲಿ ಒಬ್ಬಳೇ, ಯಾರನ್ನೂ ಕೇಳದೆ ಓಡಾಡಿದ್ದು ಇಲ್ಲಿ ಮಾತ್ರ. ಗುಮ್ಮಟದ ಮರದ ಮಾದರಿಗಳಿವೆ, ಹತ್ತದವರಿಗೆ ಅಷ್ಟಾದರೂ ಸಿಕ್ಕಿತು. ಶಿಲ್ಪಿ ಗಿಬೆರ್ತಿ 27 ವರ್ಷ ಕೆಲಸ ಮಾಡಿ 1452ರಲ್ಲಿ ಮುಗಿಸಿದ, ಚಿನ್ನದ ಲೇಪದ ಕಂಚಿನ ಬಾಗಿಲಿನ ಅಸಲು ಇಲ್ಲೇ ಗಾಜಿನೊಳಗಿದೆ. ಹತ್ತು ಫಲಕಗಳಲ್ಲಿ ತೀರಾ ಕೆಳಗಿನ ಎರಡು ನನ್ನ ಪಾಲಿಗೆ ಹತ್ತಿರ. ಅದರಲ್ಲೊಂದು ಬೈಬಲ್ಲಿನ ರಾಜ ಸಾಲೊಮನ್ ಮತ್ತು ಶೀಬಾದ ರಾಣಿಯದು. ಆ ಜನಜಂಗುಳಿಯ ಒಂದೊಂದೇ ಮುಖ ಹುಡುಕುತ್ತಾ ಕೂತೆ.

ಆಮೇಲೆ ಮೈಕೆಲಾಂಜೆಲೊನ 'ಪಿಯೆತಾ', ಸತ್ತ ಕ್ರಿಸ್ತನನ್ನು ಹಿಡಿದುಕೊಂಡವರ ಶಿಲ್ಪ. ತನ್ನ ಸಮಾಧಿಗೆಂದು ಮುದಿ ವಯಸ್ಸಿನಲ್ಲಿ ಕೆತ್ತುತ್ತಿದ್ದವನು ಒಂದು ದಿನ ತಾನೇ ಅದನ್ನು ಒಡೆದ. ಬೇರೆಯವರು ಚೂರುಗಳನ್ನು ಜೋಡಿಸಿದರು. ಕ್ರಿಸ್ತನ ತೋಳಿನ ಮೇಲೆ ಜೋಡಿಸಿದ ಗೆರೆ ಇನ್ನೂ ಕಾಣುತ್ತೆ. ಎಡಗಾಲು ಇಲ್ಲವೇ ಇಲ್ಲ. ಹಿಂದೆ ನಿಂತ ಮುದುಕ ಅವನ ಮೈಯನ್ನು ಎತ್ತಿ ಹಿಡಿದಿದ್ದಾನೆ, ಇಕ್ಕೆಲದಲ್ಲಿ ಇಬ್ಬರು ಹೆಂಗಸರು ಒತ್ತಿ ಹಿಡಿದಿದ್ದಾರೆ. ದಿನಾ ನನ್ನನ್ನು ಹಾಸಿಗೆಯಿಂದ ಕುರ್ಚಿಗೆ ಎತ್ತುವವರ ಕೈ ಹೀಗೇ ಇರುತ್ತೆ, ಕಂಕುಳ ಕೆಳಗೆ, ಪಕ್ಕೆಗೆ ಒತ್ತಿ. ಅಲಾರಾಂ ಎರಡು ಸಲ ಹೊಡೆಯಿತು. ಎರಡು ಸಲವೂ ಮೈ ಎತ್ತಿ, ಮತ್ತೆ ಅಲ್ಲೇ ಕೂತೆ. ತಂಗಿ ಗುಮ್ಮಟ ಇಳಿದು ಬೆವರು ಒರೆಸಿಕೊಳ್ಳುತ್ತಾ ಬಂದಳು. ಮೇಲಿಂದ ಏನೇನು ಕಂಡಿತು ಅಂತ ಅವಳು ಹೇಳಿದಳು. ಇಲ್ಲಿ ಏನು ಕಂಡಿತು ಅಂತ ನಾನು ಹೇಳಿದೆ.