ಹಳೆಯ ಫೈಲುಗಳು ಗುಡ್ಡೆಯಾಗುವುದೇಕೆ, ತೆಗೆಯುವುದು ಹೇಗೆ

ವಿಜಯಪುರದಲ್ಲಿ ಒಣದ್ರಾಕ್ಷಿ ವ್ಯಾಪಾರ ಮಾಡುವ ನಮ್ಮಂಥವರ ಕಂಪ್ಯೂಟರುಗಳಲ್ಲಿ ಮಾಲಿನ ಫೋಟೊ, ತೂಕದ ಚೀಟಿ, ಬಿಲ್ಲು, ರೈತರ ಆಧಾರ್ ಪ್ರತಿಗಳು ವರ್ಷದಿಂದ ವರ್ಷಕ್ಕೆ ಗುಡ್ಡೆಯಾಗುತ್ತಿವೆ. ಇಡಲು ಯಾರ ಅಪ್ಪಣೆಯೂ ಬೇಕಿಲ್ಲ. ಅಳಿಸಲು ಮಾತ್ರ ಒಬ್ಬರು ಕುಳಿತು ನೋಡಿ, ತೀರ್ಮಾನಿಸಿ, ಮುಂದೆ ಯಾರಾದರೂ ಲೆಕ್ಕ ಕೇಳಿದರೆ ಹೊಣೆಯನ್ನೂ ಹೊರಬೇಕಾಗುತ್ತದೆ. ಆ ತಲೆನೋವಿಗಿಂತ ಹೊಸ ಹಾರ್ಡ್ ಡಿಸ್ಕ್ ಅಗ್ಗವೆನಿಸುವುದರಿಂದ ಡಿಸ್ಕನ್ನೇ ಕೊಳ್ಳುತ್ತೇವೆ. (ನನ್ನ ಅಂಗಡಿಯಲ್ಲಿ ಈಗ ಮೂರಿವೆ, ಒಂದರಲ್ಲಿ ಏನಿದೆಯೆಂದು ನನಗೇ ನೆನಪಿಲ್ಲ.)

ಆದ್ದರಿಂದ ಫೈಲು ಸೇರಿಸುವಾಗಲೇ ಅದರ ಅವಧಿಯನ್ನು ನಿರ್ಧರಿಸಿರಿ. ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನ ಪ್ರಕಾರ, ನೋಂದಾಯಿತ ವ್ಯಾಪಾರಿಗಳು ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟಿರಬೇಕು, ಮೇಲ್ಮನವಿ ಅಥವಾ ತನಿಖೆ ನಡೆಯುತ್ತಿದ್ದರೆ ಇನ್ನೂ ಹೆಚ್ಚು ಕಾಲ ಬೇಕಾಗಬಹುದು. ಹೀಗಾಗಿ ಫೋಲ್ಡರಿನ ಹೆಸರಿನಲ್ಲೇ ಹಣಕಾಸು ವರ್ಷವನ್ನೂ ಅಳಿಸಬಹುದಾದ ವರ್ಷವನ್ನೂ ಬರೆದಿಡುವುದು ಒಳ್ಳೆಯದು. ಮಾಲಿನ ಫೋಟೊಗಳನ್ನು ಹಣ ಚುಕ್ತಾ ಆದ ಮೇಲೆ ತೆಗೆಯಬಹುದು. ಆಧಾರ್ ಪ್ರತಿಗಳನ್ನಂತೂ ಕೆಲಸ ಮುಗಿದೊಡನೆ ಅಳಿಸಿಬಿಡಿ. ಡಿಸ್ಕ್ ಕಳೆದರೆ ನಷ್ಟ ನಮ್ಮದಲ್ಲ, ನಮ್ಮನ್ನು ನಂಬಿ ಕೊಟ್ಟ ರೈತರದು.

ಗೂಗಲ್ ಖಾತೆಯ ಉಚಿತ 15 ಜಿಬಿ ಜಾಗವನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಡ್ರೈವಿನಲ್ಲಿ ಅಳಿಸಿದ್ದು 30 ದಿನ ಕಸದಬುಟ್ಟಿಯಲ್ಲಿದ್ದು ಜಾಗ ತಿನ್ನುತ್ತಲೇ ಇರುತ್ತದೆ, ಅಲ್ಲಿಂದಲೂ ತೆಗೆಯಬೇಕು. ಹೇಗೂ ದೀಪಾವಳಿಗೆ ಹೊಸ ಖಾತೆ ಪುಸ್ತಕ ಪೂಜಿಸುತ್ತೇವಲ್ಲ, ಅದೇ ವಾರ ಇದಕ್ಕೊಂದು ಮಧ್ಯಾಹ್ನ ಮೀಸಲಿಡಿ.