ಅಧ್ಯಕ್ಷರ ಕುರ್ಚಿಗೆ ಎಂಥ ಅನುಭವ ಬೇಕು?

ಅಮೆರಿಕದಲ್ಲಿ ಚುನಾವಣೆ ಬಂದಾಗಲೆಲ್ಲ ಶಿಡ್ಲಘಟ್ಟದ ಟೀ ಅಂಗಡಿಗಳಲ್ಲಿ ಒಂದು ವಾದ ಹುಟ್ಟುತ್ತದೆ: ಆ ಮನುಷ್ಯನಿಗೆ ಅಧ್ಯಕ್ಷನಾಗುವಷ್ಟು ಅನುಭವ ಇದೆಯೇ? ರೇಷ್ಮೆಗೂಡು ಮಾರಿ ಬಂದವರು, ಬಸ್ಸಿಗೆ ಕಾಯುವವರು, ಎಲ್ಲರೂ ತೀರ್ಪು ಕೊಡುತ್ತಾರೆ. ತಮ್ಮದೇ ಊರಿನ ಪಂಚಾಯಿತಿಗೆ ಅಧ್ಯಕ್ಷರು ಬರುವಾಗ ಮಾತ್ರ ಈ ಪ್ರಶ್ನೆ ಯಾರ ಬಾಯಿಗೂ ಬರುವುದಿಲ್ಲ. ‘ಯಾರ ಕಡೆಯವರು’ ಎಂದಷ್ಟೇ ಕೇಳುತ್ತಾರೆ.

ಕಾನೂನೂ ಕೇಳುವುದಿಲ್ಲ ಎನ್ನಿ. ಅಮೆರಿಕದ ಸಂವಿಧಾನ ತನ್ನ ಅಧ್ಯಕ್ಷನಿಂದ ಬಯಸುವುದು ಹುಟ್ಟಿನಿಂದ ಬಂದ ಪೌರತ್ವ, 35 ವರ್ಷ ವಯಸ್ಸು, 14 ವರ್ಷ ಆ ದೇಶದಲ್ಲಿ ವಾಸ, ಇಷ್ಟೇ. ನಮ್ಮ ರಾಷ್ಟ್ರಪತಿಗೂ 35 ತುಂಬಿರಬೇಕು, ಲೋಕಸಭೆಗೆ ಆಯ್ಕೆಯಾಗುವ ಅರ್ಹತೆ ಇರಬೇಕು. ಗ್ರಾಮ ಪಂಚಾಯಿತಿ ಸದಸ್ಯರಾಗಲು 21 ಸಾಕು. ಆ ಸದಸ್ಯರೇ ತಮ್ಮೊಳಗೆ ಒಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸಿಕೊಳ್ಳುತ್ತಾರೆ. ಎಲ್ಲಿಯೂ ಅನುಭವದ ಮಾತಿಲ್ಲ. ಹರಿಯಾಣದಲ್ಲಿ ಪಂಚಾಯಿತಿಗೆ ನಿಲ್ಲುವವರಿಗೆ ಶಾಲಾ ವಿದ್ಯಾಭ್ಯಾಸ ಕಡ್ಡಾಯ ಮಾಡಿದರು, 2015ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಂಥದ್ದೇ ನಿಯಮ ತಂದಿದ್ದ ರಾಜಸ್ಥಾನ 2019ರಲ್ಲಿ ಅದನ್ನು ಕೈಬಿಟ್ಟಿತು. ಕೈಬಿಟ್ಟಿದ್ದೇ ಸರಿ ಎಂಬ ಪಕ್ಷ ನನ್ನದು. ಕಾರಣ ಮುಂದೆ ಬರುತ್ತದೆ.

ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಪಂಚಾಯಿತಿಯಲ್ಲಿ ಎರಡು ಅವಧಿಗೆ ಸದಸ್ಯನಾಗಿದ್ದವನು. ಅಧ್ಯಕ್ಷನಾಗಲಿಲ್ಲ. ಮತಗಳು ಸಮಸಮ ಬಂದು ಚೀಟಿ ಎತ್ತಿದಾಗ ಎದುರಾಳಿಯ ಹೆಸರು ಬಂತು. ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲ. ಈಗ ಯೋಚಿಸಿದರೆ ಊರು ಬಚಾವಾಯಿತು ಎನಿಸುತ್ತದೆ. ಅಂದು ನನಗಿದ್ದ ಅನುಭವ, ಬ್ಯಾನರ್ ಕಟ್ಟಿಸಿದ್ದು ಮತ್ತು ಜಾತ್ರೆಯಲ್ಲಿ ಮೈಕು ಹಿಡಿದದ್ದು. ಹಾಗಾಗಿ ಪಂಚಾಯಿತಿ ಅಧ್ಯಕ್ಷರಾಗಬಯಸುವವರಿಗೆ ಹೇಳುವ ಮುಂದಿನ ಮಾತುಗಳನ್ನು ಸೋತವನ ಲೆಕ್ಕಾಚಾರ ಎಂದುಕೊಂಡೇ ಓದಿ.

ಮೊದಲು ಮೀಸಲಾತಿ ನೋಡಿ

ಅಧ್ಯಕ್ಷ ಸ್ಥಾನಗಳ ಮೀಸಲಾತಿಯನ್ನು ಜಿಲ್ಲಾಡಳಿತ ನಿಗದಿ ಮಾಡುತ್ತದೆ. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ನಿಮ್ಮ ಪಂಚಾಯಿತಿಗೆ ಬಂದ ಮೀಸಲಾತಿಗೆ ನೀವು ಹೊಂದದಿದ್ದರೆ ನಲವತ್ತು ವರ್ಷದ ಅನುಭವವೂ ಉಪಯೋಗಕ್ಕೆ ಬರುವುದಿಲ್ಲ. ಆಗ ಹೊಂದುವವರನ್ನು ಹುಡುಕಿ, ಅವರಿಗೆ ಕೆಲಸ ಕಲಿಸಿ.

ನೀರುಗಂಟಿಯ ಹಿಂದೆ ಒಂದು ವಾರ ನಡೆಯಿರಿ

ಚಿಕ್ಕಬಳ್ಳಾಪುರ, ಕೋಲಾರಗಳಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿ ನಮಗೆ ಸುದ್ದಿಯೇ ಅಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ಆದರೂ ಬೆಳಿಗ್ಗೆ ನಲ್ಲಿ ತಿರುಗಿಸಿ ನೀರು ಬಾರದಿದ್ದರೆ ಹೆಂಗಸರು ಖಾಲಿ ಕೊಡ ಹಿಡಿದು ಬರುವುದು ಪಂಚಾಯಿತಿ ಬಾಗಿಲಿಗೇ. ಅಲ್ಲಿ ಕೂತ ಅಧ್ಯಕ್ಷರಿಗೆ ಊರಿನ ಯಾವ ವಾಲ್ವ್ ಯಾವ ಬೀದಿಯದು ಎಂದು ತಿಳಿಯದಿದ್ದರೆ ಅವರು ಹೇಳುವುದೆಲ್ಲ ಸಬೂಬು.

ಅದನ್ನು ತಿಳಿದವನು ಊರಿಗೆ ನೀರು ಬಿಡುವ ನೀರುಗಂಟಿ. ತ್ರೀ ಫೇಸ್ ಕರೆಂಟು ಎಷ್ಟು ಹೊತ್ತಿಗೆ ಬರುತ್ತದೆ, ಓವರ್‌ಹೆಡ್ ಟ್ಯಾಂಕು ತುಂಬಲು ಎಷ್ಟು ಗಂಟೆ ಬೇಕು, ಯಾರು ಮುಖ್ಯ ಪೈಪಿಗೇ ಮೋಟಾರು ಕೂರಿಸಿಕೊಂಡಿದ್ದಾರೆ, ಎಲ್ಲವೂ ಅವನಿಗೆ ಗೊತ್ತು. ಅವನ ಜೊತೆ ಏಳು ದಿನ ತಿರುಗಿ, ಬೀದಿ ಬೀದಿಯ ವಿವರ ಬರೆದುಕೊಳ್ಳಿ. ಪಂಪು ಎತ್ತಿಸುವ ಖರ್ಚೆಷ್ಟು, ಸುಟ್ಟ ಮೋಟಾರಿನ ರಿವೈಂಡಿಂಗ್ ಖರ್ಚೆಷ್ಟು ಎಂದು ಮೆಕ್ಯಾನಿಕ್ ಅಂಗಡಿಯಲ್ಲೇ ಕೇಳಿ. ನಾನಿದ್ದ ಪಂಚಾಯಿತಿಯಲ್ಲಿ ಒಂದೇ ಮೋಟಾರು ಒಂದೇ ವರ್ಷದಲ್ಲಿ ನಾಲ್ಕು ಸಲ ಸುಟ್ಟಿತ್ತು, ಕಾಗದದ ಮೇಲೆ. ಸಭೆಯಲ್ಲಿ ಹದಿನೇಳು ಜನ ಇದ್ದೆವು. ಒಬ್ಬರಿಗೂ ಅನುಮಾನ ಬರಲಿಲ್ಲ, ಏಕೆಂದರೆ ಒಬ್ಬರೂ ಪಂಪ್‌ಹೌಸ್ ಮೆಟ್ಟಿಲು ಹತ್ತಿರಲಿಲ್ಲ.

15ನೇ ಹಣಕಾಸು ಆಯೋಗ 2021ರಿಂದ ಐದು ವರ್ಷಕ್ಕೆ ಪಂಚಾಯಿತಿಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು. ದೊಡ್ಡ ಹಣವೂ ನೀರಿನ ಜೊತೆಗೇ ಹೋಗುತ್ತದೆ, ದೊಡ್ಡ ಕಳ್ಳತನವೂ.

ಎಲ್ಲಾದರೂ ಒಂದು ಕಡೆ ಲೆಕ್ಕ ಒಪ್ಪಿಸಿ

ಪಂಚಾಯಿತಿ ಹಣ ಹೊರಗೆ ಹೋಗಬೇಕಾದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಜೊತೆ ಅಧ್ಯಕ್ಷರ ಒಪ್ಪಿಗೆಯೂ ಬೇಕು. ಹಿಂದೆ ಚೆಕ್ಕಿಗೆ ಜಂಟಿ ಸಹಿ ಇತ್ತು, ಈಗ ಡಿಜಿಟಲ್ ಸಹಿ. ಅದರ ಕೀಲಿ ಪೆನ್‌ಡ್ರೈವ್‌ನಂತಿರುತ್ತದೆ, ಡಾಂಗಲ್ ಎನ್ನುತ್ತಾರೆ. ಬೆರಳುದ್ದದ ಆ ವಸ್ತು ಯಾರ ಜೇಬಿನಲ್ಲಿದೆಯೋ ಅವರೇ ಅಧ್ಯಕ್ಷರು. ಎಷ್ಟೋ ಕಡೆ ಅದು ಅಧ್ಯಕ್ಷೆಯ ಗಂಡನ ಜೇಬಿನಲ್ಲಿರುತ್ತದೆ.

ಈ ಕೆಲಸಕ್ಕೆ ಬೇಕಾದ ಅನುಭವ ಹಳ್ಳಿಯಲ್ಲೇ ಸಿಗುತ್ತದೆ. ಹಾಲಿನ ಡೇರಿಯ ಕಾರ್ಯದರ್ಶಿಯನ್ನು ನೋಡಿ. ದಿನಕ್ಕೆರಡು ಹೊತ್ತು ಹಾಲಿನ ಕೊಬ್ಬಿನಂಶವಾದ ಫ್ಯಾಟು, ಕೊಬ್ಬು ಬಿಟ್ಟು ಉಳಿದ ಘನಾಂಶವಾದ ಎಸ್‌ಎನ್‌ಎಫ್ ಬರೆದು, ಬಟವಾಡೆಯ ದಿನ ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಸಾಲುನಿಂತವರ ಮುಂದೆ ಉತ್ತರ ಹೇಳಬೇಕು. ಇಲ್ಲವೇ ಸ್ತ್ರೀಶಕ್ತಿ ಸಂಘದ ಪ್ರತಿನಿಧಿಯನ್ನು ನೋಡಿ. ಉಳಿತಾಯ, ಸಾಲ, ಬಡ್ಡಿ, ಕಂತು ತಪ್ಪಿಸಿದವಳ ಮನೆ ಬಾಗಿಲಿಗೆ ಹೋಗಿ ಜಗಳವಾಡದೆ ಹಣ ತರುವುದು, ಎಲ್ಲವನ್ನೂ ವರ್ಷಗಟ್ಟಲೆ ಮಾಡಿರುತ್ತಾಳೆ. ಅವಳು ಏಳನೆಯ ತರಗತಿಗೆ ಶಾಲೆ ಬಿಟ್ಟಿರಬಹುದು. ರಾಜಸ್ಥಾನದ ಹಳೆಯ ನಿಯಮ ಇಲ್ಲಿದ್ದಿದ್ದರೆ ಅವಳು ಪಂಚಾಯಿತಿ ಅಧ್ಯಕ್ಷೆಯಾಗುವಂತೆಯೇ ಇರಲಿಲ್ಲ.

ಇದರ ಮೇಲೆ ಕಲಿಯಬೇಕಾದ ಹೊಸ ವಿಷಯ ಒಂದು: ಡಿಸಿಬಿ. ಅಂದರೆ ತೆರಿಗೆಯ ಬೇಡಿಕೆ, ವಸೂಲಿ, ಬಾಕಿ. ಬಿಲ್ ಕಲೆಕ್ಟರ್ ಬಳಿ ಇರುತ್ತದೆ. ಬಾಕಿದಾರರ ಪಟ್ಟಿಯ ಮೇಲ್ಗಡೆ ಊರಿನ ದೊಡ್ಡ ಮನೆಗಳೇ ಕಾಣಿಸಿದರೆ ಗಾಬರಿಯಾಗಬೇಡಿ.

ಬೈಗುಳ ಕೇಳಿಸಿಕೊಳ್ಳುವ ಅಭ್ಯಾಸ

ಗ್ರಾಮಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂರಿ. ಮನೆ ಸಿಗದವರು ಕೂಗುತ್ತಾರೆ, ಒಬ್ಬ ಕುಡಿದು ಬಂದಿರುತ್ತಾನೆ. ಆ ಗಲಾಟೆಯ ನಡುವೆ ಫಲಾನುಭವಿಗಳ ಪಟ್ಟಿ ಓದಿ, ನಡಾವಳಿ ಬರೆಸಿ ಮುಗಿಸಬೇಕು. ದೇವಸ್ಥಾನದ ಸಮಿತಿಯಲ್ಲೋ ಶಾಲೆಯ ಅಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯಲ್ಲೋ ಸಭೆ ನಡೆಸಿದ್ದರೆ ಇದು ಸುಲಭ. ಮೂರನೇ ಎರಡರಷ್ಟು ಸದಸ್ಯರು ತಿರುಗಿಬಿದ್ದರೆ ಅವಿಶ್ವಾಸ ಗೊತ್ತುವಳಿಯಲ್ಲಿ ಕುರ್ಚಿ ಹೋಗುತ್ತದೆ ಎಂಬುದನ್ನೂ ನೆನಪಿಡಿ.

ಯಾವುದನ್ನು ಅನುಭವ ಎನ್ನಬಾರದು

ಗುತ್ತಿಗೆ ಮಾಡಿದ ಅನುಭವವನ್ನು. ಪಂಚಾಯಿತಿಯ ಕಾಮಗಾರಿಯಲ್ಲಿ ಪಾಲಿದ್ದರೆ ಸದಸ್ಯತ್ವಕ್ಕೇ ಕುತ್ತು, ಆದರೂ ಬಾಮೈದನ ಹೆಸರಿನಲ್ಲಿ ನಡೆಯುತ್ತದೆ. ಪಕ್ಷದ ಬಾವುಟ ಹೊತ್ತ ಅನುಭವವನ್ನೂ ಬದಿಗಿಡಿ. ಈ ಚುನಾವಣೆಯಲ್ಲಿ ಪಕ್ಷದ ಚಿಹ್ನೆಯೇ ಇಲ್ಲ.

ಇನ್ನು ವರ್ಷಗಳ ಎಣಿಕೆ. ಟೀ ಅಂಗಡಿಯ ವಾದಕ್ಕೆ ಒಂದು ಉತ್ತರ ಇಲ್ಲಿದೆ. ಜೇಮ್ಸ್ ಬುಕಾನನ್ ಅಮೆರಿಕದ ಸಂಸತ್ತಿನ ಎರಡೂ ಸದನಗಳಲ್ಲಿ ಕೂತವರು, ರಷ್ಯಾ ಮತ್ತು ಬ್ರಿಟನ್‌ಗೆ ರಾಯಭಾರಿಯಾಗಿದ್ದವರು, ವಿದೇಶಾಂಗ ವ್ಯವಹಾರ ನೋಡಿದವರು. ಅವರು ಅಧ್ಯಕ್ಷರಾಗಿದ್ದಾಗಲೇ ಏಳು ರಾಜ್ಯಗಳು ಒಕ್ಕೂಟ ಬಿಟ್ಟು ಹೊರಟವು. 1861ರಲ್ಲಿ ಅವರ ನಂತರ ಬಂದ ಲಿಂಕನ್ ಕೆಳಮನೆಯಲ್ಲಿ ಕೂತದ್ದು ಒಂದೇ ಒಂದು ಅವಧಿ. ಅದಕ್ಕೂ ಮೊದಲು ನ್ಯೂ ಸೇಲಂ ಎಂಬ ಹಳ್ಳಿಯಲ್ಲಿ ಪೋಸ್ಟ್ ಮಾಸ್ಟರ್ ಆಗಿದ್ದರು, ಜಮೀನು ಅಳೆಯುತ್ತಿದ್ದರು. ಅಷ್ಟು ದೂರ ಬೇಡ ಎಂದರೆ, 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿದ್ದ ಬಿ.ಡಿ. ಜತ್ತಿ ಶುರು ಮಾಡಿದ್ದು ಜಮಖಂಡಿ ಪುರಸಭೆಯಿಂದ. ದ್ರೌಪದಿ ಮುರ್ಮು 1997ರಲ್ಲಿ ಒಡಿಶಾದ ರಾಯರಂಗಪುರದ ಕೌನ್ಸಿಲರ್.

ಆಯ್ಕೆಯಾದ ಮರುದಿನ

ಹಾರ, ಶಾಲು, ಫ್ಲೆಕ್ಸು ಎಲ್ಲ ಮುಗಿದ ಮೇಲೆ ಡಾಂಗಲ್ ಕೇಳಿ ತೆಗೆದುಕೊಂಡು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಡಿಸಿಬಿ, ನಗದು ಪುಸ್ತಕ, ನಡಾವಳಿ ಪುಸ್ತಕ ಮೂರನ್ನೂ ತರಿಸಿ ಕಳೆದ ಒಂದು ವರ್ಷದ್ದನ್ನು ಓದಿ. ಬೆಳಗಿನ ಐದು ಗಂಟೆಗೆ ಪಂಪ್‌ಹೌಸಿಗೆ ಹೋಗಿ. ನೀರುಗಂಟಿ ಅಲ್ಲಿರುತ್ತಾನೆ. ಸಂಬಳ ಎಷ್ಟು ತಿಂಗಳಿಂದ ಬಂದಿಲ್ಲ ಎಂದು ಅವನನ್ನೇ ಕೇಳಿ.