ಕಣ್ಣು ಮುಚ್ಚಿಸುವುದನ್ನು ಬಿಟ್ಟ ಮೇಲೆ: ನನ್ನ ಅನುಭವ

ಮೂರು ವರ್ಷಗಳಿಂದ ನಮ್ಮ ಶಿಬಿರವನ್ನು ‘ದೊಡ್ಡ ಹೆಸರಿಟ್ಟ ಪಿಕ್ನಿಕ್ಕು’ ಎಂದು ಹಾಸ್ಯ ಮಾಡುತ್ತಿದ್ದ ಸಹೋದ್ಯೋಗಿಯೊಬ್ಬರು, ಮುಂದಿನ ಬಾರಿ ತಮ್ಮ ತರಗತಿಯನ್ನೂ ಸೇರಿಸಿಕೊಳ್ಳಿ ಎಂದು ಕಳೆದ ತಿಂಗಳು ತಾವಾಗಿಯೇ ಕೇಳಿದರು. ಅವರೇ ಒಪ್ಪಿದ ಮೇಲೆ ಬರೆಯಲು ಅಡ್ಡಿಯಿಲ್ಲವೆಂದು ಬರೆಯುತ್ತಿದ್ದೇನೆ. ಮೈಂಡ್‌ಫುಲ್‌ನೆಸ್ಸನ್ನು, ಅಂದರೆ ಈ ಕ್ಷಣದಲ್ಲಿ ಮಾಡುತ್ತಿರುವುದರ ಮೇಲೆ ಪೂರ್ತಿ ಗಮನವಿಡುವುದನ್ನು, ಮಕ್ಕಳಿಗೆ ಕಲಿಸಲೆಂದು ನಡೆಸುವ ಶಿಬಿರವಿದು.

ಮೊದಲ ವರ್ಷ ಶಿರಸಿಯ ಸಭಾಭವನವೊಂದರಲ್ಲಿ ನಲವತ್ತು ಮಕ್ಕಳನ್ನು ಜಮಖಾನೆಯ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, ಉಸಿರನ್ನು ಗಮನಿಸಲು ಹೇಳಿದೆವು. ಹತ್ತು ನಿಮಿಷದೊಳಗೆ ಅರ್ಧದಷ್ಟು ಮಕ್ಕಳು ನಿದ್ದೆ ಹೋಗಿದ್ದರು, ಉಳಿದವರು ಪಕ್ಕದವರನ್ನು ಚಿವುಟುತ್ತಿದ್ದರು. ಬೆಂಗಳೂರಿನಿಂದ ಕರೆಸಿದ್ದ ಉಪನ್ಯಾಸಕರ ಸಂಭಾವನೆಯೂ ಸೇರಿ ಹನ್ನೆರಡು ಸಾವಿರದಷ್ಟು ನೀರಿಗೆ ಹೋಯಿತು.

ಎರಡನೆಯ ವರ್ಷದ ಸೋಲು ಇದಕ್ಕಿಂತ ಕೆಟ್ಟದ್ದು. ಮಾನವ ಘನತೆಯ ಪಾಠವೆಂದು ಮಕ್ಕಳನ್ನು ಯಲ್ಲಾಪುರದ ಕಡೆಯ ಸಿದ್ದಿ ಕೇರಿಯೊಂದಕ್ಕೆ ಕರೆದೊಯ್ದೆ. ಅವರ ಪೂರ್ವಜರಲ್ಲಿ ಬಹಳ ಮಂದಿಯನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದದ್ದು, ಇಲ್ಲಿಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದು, ಎಲ್ಲವನ್ನೂ ಬಸ್ಸಿನಲ್ಲೇ ಹೇಳಿದ್ದೆ. ಅದರಿಂದ ಏನೂ ಆಗಲಿಲ್ಲ. ಮಕ್ಕಳು ಇಳಿದವರೇ ಮೊಬೈಲ್ ಎತ್ತಿದರು, ಸಿದ್ದಿಗಳ ಕುಣಿತವಾದ ಡಮಾಮಿಯನ್ನು ಕುಣಿದು ತೋರಿಸಿ ಎಂದರು, ಒಬ್ಬನಂತೂ ಅಲ್ಲಿಯ ಹುಡುಗಿಯ ಕೂದಲನ್ನು ಮುಟ್ಟಿ ನೋಡಿದ. ಜಗಲಿಯಲ್ಲಿದ್ದ ಅಜ್ಜಿಯೊಬ್ಬರು, “ಮಾಸ್ತರೇ, ನಮ್ಮನ್ನ ನೋಡೂಕೆ ಬಂದ್ರ, ನಮ್ಮತ್ರ ಎಂತಾರೂ ಕಲಿಯೂಕೆ ಬಂದ್ರ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಕೊಟ್ಟ ಸಿಹಿಯ ಪೊಟ್ಟಣಗಳನ್ನೂ ಅವರು ಬಿಚ್ಚಲಿಲ್ಲ.

ಮರುವರ್ಷ ಮಕ್ಕಳಿಲ್ಲದೆ ನಾನೊಬ್ಬನೇ ಹೋಗಿ, ಕೌದಿ ಹೊಲಿಯುವುದನ್ನು ಕಲಿಸುವಿರಾ ಎಂದು ಅದೇ ಅಜ್ಜಿಯನ್ನು ಕೇಳಿದೆ. ಅವರು ಒಪ್ಪಲು ನಾನು ನಾಲ್ಕು ಸಲ ಹೋಗಬೇಕಾಯಿತು. ಈ ಬಾರಿ ಮಕ್ಕಳು ಇಪ್ಪತ್ತೆರಡೇ, ಕಲಿಸುವವರು ಆರು ಮಂದಿ, ಮೊಬೈಲ್ ಬಸ್ಸಿನಲ್ಲೇ ಉಳಿಯಿತು. ಹಳೆಯ ಸೀರೆಯ ಮೇಲೆ ತುಂಡುಬಟ್ಟೆ ಇಟ್ಟು, ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿಗೆ ಬರುವ ಆ ಹೊಲಿಗೆಯಲ್ಲಿ ಮನಸ್ಸು ಅತ್ತಿತ್ತ ಹೋದರೆ ಸೂಜಿ ಬೆರಳಿಗೆ ನಾಟುತ್ತದೆ. ಮೂರು ಗಂಟೆಯ ಕಾಲ ಯಾರಿಗೂ ಸುಮ್ಮನಿರಿ ಎಂದು ಹೇಳಬೇಕಾಗಲಿಲ್ಲ. ತರಗತಿಯಲ್ಲಿ ಸದಾ ಮೊದಲಿಗಳಾದ ಹುಡುಗಿಯ ಹೊಲಿಗೆಯನ್ನು ಅಜ್ಜಿ ಎರಡು ಬಾರಿ ನೋಡಿ, ಎರಡು ಬಾರಿಯೂ “ಬಿಚ್ಚು ತಂಗಿ” ಎಂದರು. ಅವಳು ಬಿಚ್ಚಿದಳು. ಹೊರಡುವ ಹೊತ್ತಿಗೆ ಕೌದಿಯ ಮೂಲೆಗೆ ‘ಫೂಲ’, ಅಂದರೆ ಮಡಚಿದ ಬಟ್ಟೆಯ ಹೂವು, ಕೂರಿಸುವುದನ್ನು ಅವಳೇ ಬೇರೆಯವರಿಗೆ ತೋರಿಸುತ್ತಿದ್ದಳು. ಯಾವ ಮಗುವನ್ನು ಯಾರ ಬಳಿ ಕೂರಿಸಬೇಕೆಂದು ನಾನು ಆರಿಸುವ ಬಗೆಯನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಅದು ನನ್ನ ಗುಟ್ಟು.

ಮುಂಡಗೋಡಿನ ಟಿಬೆಟನ್ನರ ವಸತಿ 1966ರಿಂದ ಇದೆ, ಆದರೆ ನಮ್ಮ ಮಕ್ಕಳು ಅಲ್ಲಿ ನೋಡಿದ್ದು ದೇವಾಲಯವನ್ನಷ್ಟೇ. ಈ ಬಾರಿ ಅವರನ್ನು ಭಿಕ್ಷುಗಳು ವಾದ ಮಾಡುವ ಅಂಗಳಕ್ಕೆ ಕರೆದೊಯ್ದೆ. ಕೇಳುವವರು ನಿಂತು ಕೈ ತಟ್ಟಿ ಪ್ರಶ್ನೆ ಎಸೆದರೆ ಉತ್ತರಿಸುವವರು ಕುಳಿತೇ ಹೇಳಬೇಕು. ಅದನ್ನು ಅನುಕರಿಸಹೋದ ನಮ್ಮ ಮಕ್ಕಳಿಗೆ, ಎದುರಿನವರ ಮಾತನ್ನು ಪೂರ್ತಿ ಕೇಳದೆ ವಾದ ಮುಂದೆ ಸಾಗುವುದಿಲ್ಲವೆಂಬುದು ಐದೇ ನಿಮಿಷದಲ್ಲಿ ತಿಳಿಯಿತು. ಕಾರವಾರದ ಕಡಲತೀರದಲ್ಲಿ ರಂಪಣಿ, ಅಂದರೆ ದಡದಿಂದ ಎಲ್ಲರೂ ಸೇರಿ ಎಳೆಯುವ ದೊಡ್ಡ ಮೀನುಬಲೆ, ಎಳೆದೆವು. ಹಗ್ಗ ಎಳೆದವರಿಗೆಲ್ಲ ಪಾಲು ಎಂದು ಮಕ್ಕಳ ಕೈಗೂ ತಾರ್ಲೆ ಮೀನು ಬಂದಾಗ, ಮೀನು ತಿನ್ನದ ಮನೆಯ ಹುಡುಗ ಬೇಡವೆನ್ನಲಾಗದೆ, ಒಯ್ಯಲೂ ಆಗದೆ ಬಹಳ ಹೊತ್ತು ನಿಂತಿದ್ದ. ನಾನು ನಡುವೆ ಬಾಯಿ ಹಾಕಲಿಲ್ಲ.

ಈ ನಡುವೆ ನಮ್ಮ ಮನೆಯಲ್ಲಿ ಮೌನವಾಗಿ ಚಾಲಿ, ಬಿಳೆಗೋಟು, ಕೋಕಾ ಎಂದು ಅಡಿಕೆಯನ್ನು ದರ್ಜೆವಾರು ಬೇರ್ಪಡಿಸುವ ಪ್ರಯೋಗವನ್ನೂ ಮಾಡಿದ್ದೆ. ತೋಟದ ಮನೆಯ ಮಕ್ಕಳಿಗೆ ಅದು ರೂಢಿಯ ಕೆಲಸ, ಕೈ ಆಡುತ್ತಿದ್ದರೂ ಮನಸ್ಸು ಕ್ರಿಕೆಟ್ಟಿನಲ್ಲಿರುತ್ತದೆ. ಗೊತ್ತಿಲ್ಲದ ಕೆಲಸವೇ ಆಗಬೇಕು, ಕಲಿಸುವವರು ಬೇರೆಯ ಜನವೇ ಆಗಬೇಕು.

ಖರ್ಚು ಸುಮಾರು ಮೂವತ್ತೆಂಟು ಸಾವಿರ. ಪಾಲಕರು ತಲಾ ಒಂಬೈನೂರು ಕೊಟ್ಟರು, ಉಳಿದದ್ದು ನನ್ನ ಅಡಿಕೆಯ ದುಡ್ಡು. ಕಲಿಸಿದವರಿಗೆ ದಿನಕ್ಕೆ ಸಾವಿರದಂತೆ ಸಂಭಾವನೆ ಎಂದೇ ಕೊಟ್ಟೆ. ಹೊಲಿಗೆಗೆ ಇಷ್ಟೇಕೆ ಎಂದು ಲೆಕ್ಕ ನೋಡುವವರು ತಕರಾರು ತೆಗೆದಾಗ, ಮೊದಲ ವರ್ಷದ ಉಪನ್ಯಾಸದ ರಸೀದಿಯನ್ನು ತೋರಿಸಿದೆ.

ಕಳೆದ ತಿಂಗಳು ಆ ಆರು ಮಂದಿಯನ್ನು ಶಿರಸಿಗೆ ಕರೆಸಿದ್ದೆವು. ಪಾಲಕರೊಬ್ಬರ ಮನೆಯಲ್ಲಿ ನಮಗೆಲ್ಲ ಒಳಗೆ ಕಪ್ಪಿನಲ್ಲಿ ಚಹಾ ಬಂತು, ಅವರಿಗೆ ಅಂಗಳದಲ್ಲಿ ಬೇರೆ ಲೋಟಗಳು ಬಂದವು. ಕಂಡರೂ ನಾನು ಸುಮ್ಮನಿದ್ದೆ, ಇದನ್ನು ಒಪ್ಪಿಕೊಳ್ಳಬೇಕು. ಹೊಲಿಗೆ ಬಿಚ್ಚಿದ್ದ ಆ ಹುಡುಗಿ ತನ್ನ ಕಪ್ಪನ್ನು ಒಯ್ದು ಅಜ್ಜಿಗೆ ಕೊಟ್ಟು, ಅವರ ಲೋಟವನ್ನು ತೆಗೆದುಕೊಂಡು ಅಲ್ಲೇ ಕುಳಿತು ಕುಡಿದಳು. ಅದು ಅವಳದೇ ಮನೆ. ನನ್ನ ಸಹೋದ್ಯೋಗಿ ಆಗ ಬಾಗಿಲಲ್ಲೇ ನಿಂತಿದ್ದರು.

ಅವರ ತರಗತಿಯೂ ಸೇರಿದರೆ ಎರಡು ಬಸ್ಸು ಬೇಕಾಗುತ್ತದೆ. ಕಲಿಸುವವರು ಹನ್ನೆರಡು ಮಂದಿ ಸಿಗುವರೇ ಎಂದು ಕೇಳಲು ಮುಂದಿನ ವಾರ ಅಜ್ಜಿಯ ಮನೆಗೆ ಹೋಗಬೇಕು.